ಹುಲಿದೇವರ ಎದುರು ಓದಿದ ಮನವಿ

ಅಂಕೋಲಾ
9 ಜನವರಿ 2003

ಪ್ರೀತಿಯ ಆಯಿ,

ಮೊನ್ನೆ ಫೋನಿನಲ್ಲಿ ಬರೀ ಹೂಂ ಹೂಂ ಅಂದು ಇಟ್ಟುಬಿಟ್ಟೆ ಎಂದು ನಿನಗೆ ಬೇಜಾರಾಗಿರಬೇಕು. ಇಲ್ಲಿ ಫೋನ್ ಇರುವುದು ಕಾಲನಿಯ ಕಿರಾಣಿ ಅಂಗಡಿಯಲ್ಲಿ. ಹಿಂದೆ ಸಾಲಾಗಿ ಹೆಂಗಸರು ನಿಂತಿರುತ್ತಾರೆ. ಅವರೆದುರು ಗಂಡನ ಸುದ್ದಿ ಹೇಗೆ ಹೇಳಲಿ? ಅದಕ್ಕೇ ಇನ್ನು ಮುಂದೆ ಪತ್ರ. ನನ್ನ ಕನ್ನಡದಲ್ಲಿ ತಪ್ಪು ಹುಡುಕಬೇಡ, ಕಾನ್ವೆಂಟಿಗೆ ಕಳಿಸಿದವರು ನೀವೇ.

ಆಯಿ, ನಾನು ಎಷ್ಟು ಖುಷಿಯಾಗಿದ್ದೇನೆ ಅಂದರೆ ನನಗೇ ನಾಚಿಕೆಯಾಗುತ್ತದೆ. ಸೂರಜ್ ಮೋಟರ್ ರಿವೈಂಡಿಂಗ್ ಅಂಗಡಿಯಿಂದ ಬರುವಾಗ ಅಂಗಿಯಿಂದ ವಾರ್ನಿಶ್ ವಾಸನೆ ಬರುತ್ತದೆ, ಆ ವಾಸನೆ ಬಾಗಿಲಿಗೆ ಬಂದರೆ ಸಾಕು, ನನ್ನ ಕೈಯಲ್ಲಿದ್ದ ಸೌಟು ಎಲ್ಲಿಟ್ಟೆ ಎಂದು ಮರೆತುಹೋಗುತ್ತದೆ. ಅತ್ತೆಯ ಹೆಸರು ಗಂಗೆ ಅಂತ ಇಡೀ ಕಾಲನಿಗೆ ಗೊತ್ತು, ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ನಾನು "ಇಂಗ್ಲಿಷ್ ಸೊಸೆ". ಬಂಗಡೆ ಮೀನನ್ನು ನಾನು ಕೊಯ್ಯುವುದನ್ನು ನೋಡಿ ಅತ್ತೆ, "ಯೆಂತಾ ಮಾಡ್ತೀಯೇ, ಅದ್ಕೆ ಆಪರೇಶನ್ನಾ?" ಎಂದು ಕೇಳಿದರು. ನಕ್ಕು ನಕ್ಕು ನನಗೆ ಕೆಮ್ಮು ಬಂತು.

ಮನೆ ಚಿಕ್ಕದು, ತಗಡಿನ ಮಾಡು. ಒಂದು ವರ್ಷದ ಮಟ್ಟಿಗೆ ಎಂದು ಹೇಳಿ ಕೊಟ್ಟ ಶೆಡ್ಡು, ಸೂರಜ್ ಪ್ಯಾಂಟು ಹಾಕಲು ಶುರುಮಾಡಿದಾಗಿನಿಂದ ಇದೇ ಮನೆ. ಬಾವಿಯ ನೀರು ಉಪ್ಪು. ಇವರ ಹಳೆಯ ಊರು, ಉಪ್ಪು ನೀರಿನಲ್ಲೂ ಕಗ್ಗದ ಭತ್ತ ಬೆಳೆಯುತ್ತಿದ್ದ ಗಜನಿ ಗದ್ದೆ ಎಲ್ಲವೂ ಈಗ ಕೇಂದ್ರದ ಯೋಜನೆಯ ಬೇಲಿಯೊಳಗೆ. ಹುಲಿದೇವರನ್ನು ಮಾತ್ರ ಹೊತ್ತು ತಂದಿದ್ದಾರೆ.

ಮಾವ ಸೊಸೈಟಿಯ ಗುಮಾಸ್ತಿಕೆ ಮುಗಿಸಿ ಬಂದು ದಿನಾ ಪೇಪರನ್ನು ಗಟ್ಟಿಯಾಗಿ ಓದುತ್ತಾರೆ. ನಿನ್ನೆ ಒಂದು ಸುದ್ದಿಯ ಹತ್ತಿರ ಬಂದು ನಿಲ್ಲಿಸಿಬಿಟ್ಟರು. ಯೋಜನೆಗೆ ಜಾಗ ಬಿಟ್ಟವರಲ್ಲಿ ಪುನರ್ವಸತಿ ಆಗದ ಒಂದು ಕುಟುಂಬವೂ ಉಳಿದಿಲ್ಲ ಎಂದು ಕೇಂದ್ರದ ಮಂತ್ರಿ ಲೋಕಸಭೆಯಲ್ಲಿ ಉತ್ತರ ಕೊಟ್ಟಿದ್ದಾರಂತೆ. ಮಾವ ಕನ್ನಡಕ ತೆಗೆದು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ, "ಹಂಗಾರೆ ಇಲ್ಲಿ ಕೂತದ್ದು ಯಾರು?" ಎಂದರು.

ಸದನಕ್ಕೆ ಸುಳ್ಳು ಹೇಳಿದ ಮಂತ್ರಿ ಕುರ್ಚಿ ಬಿಡಬೇಕು, ಇದು ಒಂಬತ್ತನೇ ಕ್ಲಾಸಿನ ಪಾಠ ಎಂದು ನಾನು ಹೇಳಿದೆ. ಬಿಡಿಸುವವರು ಯಾರು ಎಂದು ಮಾವ ಕೇಳಿದರು. ಎಂಪಿಗಳು ಎಂದೆ. ಅವರಿಗೆ ಹೇಳುವವರು ಯಾರು ಎಂದರು. ನಾನು ಬರೆದುಕೊಡುತ್ತೇನೆ ಎಂದುಬಿಟ್ಟೆ. ಹಣಕೋಣದ ಹುಡುಗಿ ದಿಲ್ಲಿಯನ್ನು ಅಲುಗಾಡಿಸುತ್ತಾಳೆ ನೋಡು.

ಪಪ್ಪಾನಿಗೆ ನಮಸ್ಕಾರ. ಅವರು ಮಾತಾಡಲಿ ಬಿಡಲಿ.

ನಿನ್ನ ಹುಚ್ಚು ಮಗಳು,
ರಕ್ಷಿತಾ

~

ಅಂಕೋಲಾ
26 ಫೆಬ್ರವರಿ 2003

ಪ್ರೀತಿಯ ಆಯಿ,

ಮನವಿ ಮುಗಿಯಿತು. ಡಿಬೇಟಿನಲ್ಲಿ ಕಪ್ ತಂದಾಗಲೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ. ಮಂತ್ರಿಯೊಬ್ಬನನ್ನೇ ಆರಿಸಿ ಇಳಿಸಲು ಲೋಕಸಭೆಗೆ ಬರುವುದಿಲ್ಲವಂತೆ, ಅಂಕೋಲೆಯ ವಕೀಲರೊಬ್ಬರು ಹೇಳಿದರು. ಇಡೀ ಸರಕಾರದ ಮೇಲೆ ಅವಿಶ್ವಾಸ ನಿರ್ಣಯ ತರಬೇಕು. ಸರಿ, ಸುಳ್ಳು ಹೇಳಿದ ಮಂತ್ರಿಯನ್ನೂ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡ ಪ್ರಧಾನಿಯನ್ನೂ ಇಳಿಸಿ ಎಂದೇ ಬರೆದೆ. ಅಂಕೋಲೆಯಲ್ಲಿ ಟೈಪ್ ಮಾಡಿಸಿ, ಝೆರಾಕ್ಸ್ ತೆಗೆಸಿ, ಹೆಸರು ಸಿಕ್ಕ ಎಲ್ಲ ಎಂಪಿಗಳಿಗೂ ಕಳಿಸುತ್ತಿದ್ದೇವೆ.

ಆದರೆ ದೇವರನ್ನು ಕೇಳದೆ ಇಲ್ಲಿ ಯಾರೂ ಸಹಿ ಹಾಕುವುದಿಲ್ಲ. ನಮ್ಮಲ್ಲಿ ಕೌಲು ಕೇಳುತ್ತಾರಲ್ಲ, ಇಲ್ಲಿ ಅದಕ್ಕೆ ಪ್ರಸಾದ ಕೇಳುವುದು ಎನ್ನುತ್ತಾರೆ. ದೇವರ ಪೂಜಾರಿ, ಗುನಗರ ತುಳಸಿದಾಸ, ಹೂವಿನ ಎಸಳುಗಳನ್ನು ಒದ್ದೆ ಮಾಡಿ ಹುಲಿದೇವರ ಎದೆಗೆ ಅಂಟಿಸಿದರು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಮಾವ ನನ್ನ ಇಂಗ್ಲಿಷ್ ಮನವಿಯನ್ನು ಕನ್ನಡಕ್ಕೆ ತಿರುಗಿಸುತ್ತ ದೇವರ ಎದುರು ಪೂರ್ತಿ ಓದಿದರು. ಕೊನೆಯ ಸಾಲು ನನಗೆ ತುಂಬಾ ಇಷ್ಟವಾದದ್ದು. ಡಿಬೇಟಿನಲ್ಲಿ ಕೊನೆಗೆ ಒಂದು ಜೋರಾದ ಮಾತು ಹೇಳಿ ಕೂರಬೇಕು ಎಂದು ಸಿಸ್ಟರ್ ಕಲಿಸಿದ್ದರಲ್ಲ, ಹಾಗೆ ಬರೆದಿದ್ದೆ. ಈ ಇಬ್ಬರನ್ನು ಇಳಿಸಿ ನಮಗೆ ನ್ಯಾಯ ಕೊಡುವವರೆಗೆ ಸರಕಾರದ ಕೈಯಿಂದ ಒಂದು ಹುಲ್ಲುಕಡ್ಡಿಯನ್ನೂ ನಾವು ಮುಟ್ಟುವುದಿಲ್ಲ.

ಆ ಸಾಲು ಮುಗಿದದ್ದೇ ತಡ, ಬಲಗಡೆಯ ಎಸಳು ಬಿತ್ತು. ಎಲ್ಲರೂ ಕೈ ಮುಗಿದರು. ಅಲ್ಲಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ಬಂದು ದೇವರ ಕಟ್ಟೆ ಮುಟ್ಟಿದರು, ಇಲ್ಲಿ ಆಣೆ ಇಡುವುದು ಹಾಗಂತೆ. ಸೂರಜ್ ಕೂಡ ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ ನೋಡಿದರು, ನಗಲಿಲ್ಲ. ಬಿಸಿಲಿಗೆ ತಲೆನೋವು ಬಂದಿರಬೇಕು.

ಪಕ್ಕದ ಮನೆಯ ಮಂಜಿ ಹೆಬ್ಬೆಟ್ಟು ಒತ್ತಿ, "ಮಗಾ, ಆ ಮಂತ್ರಿ ಇದ್ನ ನೋಡ್ದ್ರೆ ನನ್ನ ಗುರ್ತ ಹಿಡೂಕೆ ಆಗ್ತದ್ಯಾ?" ಎಂದು ಕೇಳಿದಳು. ಆಗುತ್ತದೆ ಎಂದೆ. ಹಾಗಾದರೆ ಇನ್ನೊಂದು ಕೈಯದೂ ತಕೊ ಎಂದಳು.

ನಿನ್ನ,
ರಕ್ಷಿತಾ

~

ಹಣಕೋಣ
10 ಮಾರ್ಚ್ 2003

ಚಿರಂಜೀವಿ ರಕ್ಷಿತಾಳಿಗೆ ಆಯಿಯ ಆಶೀರ್ವಾದ.

ನಿನ್ನ ಪತ್ರ ಎರಡು ಸಲ ಓದಿದೆ. ಪಪ್ಪಾನಿಗೂ ಓದಿ ಹೇಳಿದೆ. ಅವರು ಎದ್ದು ತೋಟಕ್ಕೆ ನೀರು ಬಿಡಲು ಹೋದರು.

ಸೂರಜನ ಮನೆಗೆ ನಿನ್ನನ್ನು ಕೊಡುವಾಗ, ಜಾಗ ಬಿಟ್ಟ ಮನೆಗೊಂದು ಸರಕಾರಿ ಕೆಲಸ ಕೊಡುತ್ತಾರೆ, ಅದು ಇವನಿಗೇ ಬರುತ್ತದೆ ಎಂದು ಮಧ್ಯಸ್ಥರು ಹೇಳಿದ್ದರು. ಪಪ್ಪಾ ಒಪ್ಪಿದ್ದು ಆ ಮಾತಿಗೆ. ನಿನಗೆ ಅದು ಗೊತ್ತೋ ಇಲ್ಲವೋ, ನಾನು ಹೇಳಿರಲಿಲ್ಲ.

ದೇವರ ಕಟ್ಟೆ ಮುಟ್ಟಿದ ಮೇಲೆ ಅದು ಡಿಬೇಟ್ ಅಲ್ಲ ಮಗಾ. ಹುಲ್ಲುಕಡ್ಡಿ ಎಂದು ಬರೆಯುವಾಗ ಒಮ್ಮೆ ನನ್ನನ್ನು ಕೇಳಿದ್ದರೆ ಆಗುತ್ತಿತ್ತು.

ಉಪ್ಪು ನೀರು ಕುದಿಸಿದರೂ ಉಪ್ಪೇ. ಕುಡಿಯುವ ನೀರು ಎಲ್ಲಿಂದ ತರುತ್ತೀರಿ ಎಂದು ಬರೆ.

ನಿನ್ನ ಆಯಿ,
ಕಲಾವತಿ

~

ಅಂಕೋಲಾ
22 ಆಗಸ್ಟ್ 2003

ಪ್ರೀತಿಯ ಆಯಿ,

ಎಷ್ಟು ತಿಂಗಳಾಯಿತು ಬರೆಯದೆ. ಕೋಪವಿರಲಿಲ್ಲ. ನಿನ್ನ ಪತ್ರಕ್ಕೆ ಏನು ಉತ್ತರ ಬರೆಯಬೇಕೆಂದು ಗೊತ್ತಾಗಲಿಲ್ಲ, ಅಷ್ಟೇ.

ಮನವಿಗೆ ಎರಡೋ ಮೂರೋ ಉತ್ತರ ಬಂದಿದ್ದವು, ನಿಮ್ಮ ಪತ್ರ ತಲುಪಿದೆ ಎಂಬ ಅಚ್ಚು ಹಾಕಿದ ಸಾಲು. ಮಾವ ಅವನ್ನು ದೇವರ ಕಟ್ಟೆಯ ಮೇಲೆ ಇಟ್ಟು ಕುಂಕುಮ ಹಚ್ಚಿಸಿದರು. ನಾನು ಬೆಳಗಾದರೆ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದೆ. ಈ ತಿಂಗಳು, ವಿರೋಧ ಪಕ್ಷದವರು ಸರಕಾರದ ಮೇಲೆ ಅವಿಶ್ವಾಸ ನಿರ್ಣಯ ತಂದಿದ್ದಾರೆ ಎಂದು ರೇಡಿಯೋದಲ್ಲಿ ಬಂತು.

ಆಯಿ, ಚರ್ಚೆ ಶುರುವಾದ ಬೆಳಿಗ್ಗೆ ನೀನು ಇಲ್ಲಿರಬೇಕಿತ್ತು. ಕಾಲನಿಯಲ್ಲಿ ಒಬ್ಬರೂ ಕೆಲಸಕ್ಕೆ ಹೋಗಲಿಲ್ಲ. ನಮ್ಮ ಮನವಿ ಓದಿಯೇ ತಂದಿದ್ದಾರೆ ಎಂದು ಎಲ್ಲರೂ ನಂಬಿದರು. ನಾನೂ ನಂಬಿದೆ, ನಾನೇ ಎಲ್ಲರಿಗಿಂತ ಹೆಚ್ಚು ನಂಬಿದೆ. ಅಂಗಡಿಯ ಟಿವಿಯನ್ನು ಹೊರಗಿಟ್ಟರು. ಅತ್ತೆ ಎಲ್ಲರಿಗೂ ಚಹಾ ಮಾಡಿದರು. ಯಾರಾದರೂ ಎದ್ದು ನಿಂತು ಮಾತಾಡಲು ಶುರುಮಾಡಿದರೆ ಸಾಕು, ಮಂಜಿ ನನ್ನ ಸೆರಗು ಜಗ್ಗಿ, ಈಗ ನಮ್ಮ ಸುದ್ದಿ ಬಂತಾ ಎನ್ನುತ್ತಿದ್ದಳು. ಇಂಗ್ಲಿಷಿನದನ್ನು ನಾನು ಕನ್ನಡಕ್ಕೆ ಹೇಳುತ್ತಿದ್ದೆ, ಹಿಂದಿಯದನ್ನು ಮಾವ ಹೇಳುತ್ತಿದ್ದರು. ಎಷ್ಟೋ ಊರುಗಳ ಹೆಸರು ಬಂತು, ಎಷ್ಟೋ ಹಗರಣಗಳ ಹೆಸರು ಬಂತು. ನಮ್ಮದು ಬರಲಿಲ್ಲ. ಮರುದಿನವೂ ಕೂತೆವು. ಬರಲಿಲ್ಲ. ಕೊನೆಗೆ ನಿರ್ಣಯ ಬಿದ್ದುಹೋಯಿತು.

ನಾವು ಬರೆದದ್ದು ಯಾರೂ ಓದಿಲ್ಲ ಎಂದು ನನಗೆ ಎರಡನೇ ದಿನ ಮಧ್ಯಾಹ್ನವೇ ಗೊತ್ತಾಗಿತ್ತು. ಆದರೂ ಒಬ್ಬ ಎಂಪಿ ಯಾವುದೋ ರಾಜ್ಯದ ನಿರಾಶ್ರಿತರು ಎಂದು ಹೇಳಿದಾಗ ನಾನು ಮಂಜಿಗೆ, ಇದು ನಮ್ಮ ಬಗ್ಗೆ ಎಂದುಬಿಟ್ಟೆ. ಅವಳು ಕಣ್ಣಿಗೆ ಸೆರಗು ಒತ್ತಿಕೊಂಡಳು. ಸೂರಜ್ ನನ್ನನ್ನೇ ನೋಡುತ್ತಿದ್ದರು. ಅವರು ಹತ್ತನೇ ತರಗತಿಯವರೆಗೆ ಇಂಗ್ಲಿಷ್ ಓದಿದ್ದಾರೆ.

ಕುಡಿಯುವ ನೀರನ್ನು ಬೊಬ್ರುವಾಡದ ಬಾವಿಯಿಂದ ತರುತ್ತೇವೆ.

ನಿನ್ನ,
ರಕ್ಷಿತಾ

~

ಅಂಕೋಲಾ
18 ಡಿಸೆಂಬರ್ 2003

ಆಯಿ,

ಮೊನ್ನೆ ನಮ್ಮ ಮದುವೆಯ ವರ್ಷ ತುಂಬಿತು. ಸೂರಜ್ ಒಂದು ಸೀರೆ ತಂದರು, ಚಿಗುರೆಲೆ ಬಣ್ಣದ್ದು. ಅದೇ ದಿನ ಪೋಸ್ಟ್‌ಮ್ಯಾನ್ ಅವರ ನೇಮಕದ ಆದೇಶ ತಂದ. ಬೇಲಿಯೊಳಗಿನ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಶಿಯನ್. ಪರ್ಮನೆಂಟ್. ಒಳಗೇ ಕ್ವಾರ್ಟರ್ಸ್. ಅವರಿಗೆ ವಯಸ್ಸಿನ ಮಿತಿ ದಾಟುವುದರಲ್ಲಿತ್ತು, ಇದು ಬಿಟ್ಟರೆ ಇನ್ನೊಂದಿಲ್ಲ.

ಇವರು ಅದನ್ನು ಓದಿ ಮಾವನ ಕೈಗೆ ಕೊಟ್ಟರು. ಮಾವ ಓದಿ ಮಡಚಿ ವಾಪಸ್ ಕೊಟ್ಟರು. "ದೇವ್ರ ಮುಂದೆ ಆಡಿದ್ ಮಾತು ನಾನ್ ಹಿಂದಕ್ಕೆ ತಕಳೂಕೆ ಬರೂದಿಲ್ಲ. ನೀನೂ ಕಟ್ಟೆ ಮುಟ್ಟಿದೀ," ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಹಾಗೆ ಹೇಳಿದ್ದರೆ ಸೂರಜ್ ಜಗಳವಾದರೂ ಆಡಬಹುದಿತ್ತು.

ಅದು ಬರೀ ಒಂದು ವಾಕ್ಯ, ನಾನು ಚೆಂದಕ್ಕೆ ಬರೆದದ್ದು ಎಂದು ಮಾವನ ಎದುರು ಹೇಳಿದೆ. ಅವರು, ನಾವು ಅದನ್ನು ಚೆಂದಕ್ಕೆ ಓದಲಿಲ್ಲ ಮಗಾ ಎಂದರು.

ಹಾಜರಾಗಲು ಜೂನ್ ಕೊನೆಯವರೆಗೆ ಸಮಯ ಕೇಳಿಕೊಂಡಿದ್ದೇವೆ. ಅಷ್ಟರೊಳಗೆ ದಿಲ್ಲಿಯಲ್ಲಿ ಏನಾದರೂ ಆಗಬೇಕು.

ರಕ್ಷಿತಾ

~

ಹಣಕೋಣ
5 ಜನವರಿ 2004

ಚಿ. ರಕ್ಷಿತಾ,

ಪಪ್ಪಾನಿಗೆ ಆದೇಶದ ಸುದ್ದಿ ಮಾತ್ರ ಹೇಳಿದ್ದೇನೆ, ಉಳಿದದ್ದು ಹೇಳಿಲ್ಲ. ಅವರು ಸಂತೋಷದಿಂದ ಅಮದಳ್ಳಿಯ ನನ್ನ ತಂಗಿಯ ಮನೆಗೆ ಹೋಗಿ ಪೇಡೆ ಕೊಟ್ಟು ಬಂದರು. ಈಗ ನಾನು ಏನು ಮಾಡಲಿ?

ದೇವರು ಮಕ್ಕಳ ಹೊಟ್ಟೆಯ ಮೇಲೆ ಹೊಡೆಯುವುದಿಲ್ಲ ಎಂದು ಸೂರಜನಿಗೆ ಹೇಳು. ನಾನು ಹೇಳಿದೆ ಎಂದು ಬೇಡ.

ಆಯಿ

~

ಅಂಕೋಲಾ
12 ಫೆಬ್ರವರಿ 2004

ಆಯಿ,

ಲೋಕಸಭೆ ವಿಸರ್ಜನೆಯಾಯಿತು. ಹಳೆಯ ಸಭೆಗೆ ಕಳಿಸಿದ ಮನವಿಗಳಿಗೆ ಇನ್ನು ಬೆಲೆಯಿಲ್ಲ, ಬೇಕಿದ್ದರೆ ಹೊಸ ಸಭೆಗೆ ಹೊಸದಾಗಿ ಬರೆಯಿರಿ ಎಂದು ವಕೀಲರು ಹೇಳಿದರು. ಮಾವ ಅಲ್ಲಿಂದ ನಡೆದೇ ಮನೆಗೆ ಬಂದರು, ಬಸ್ಸು ಹತ್ತಲಿಲ್ಲ.

ಮಂಜಿ ಹೋದ ವಾರ ತೀರಿಕೊಂಡಳು. ಕಾಲನಿಗೆ ಸ್ಮಶಾನ ಇಲ್ಲ, ಗೊತ್ತಲ್ಲ. ಬೇರೆ ಊರಿನವರನ್ನು ಕೇಳಿಕೊಂಡು ಸುಡಬೇಕಾಯಿತು. ಪುನರ್ವಸತಿ ಆಗದವರು ಒಬ್ಬರೂ ಉಳಿದಿಲ್ಲ ಎಂದು ಮಂತ್ರಿ ಹೇಳಿದ್ದರಲ್ಲ, ಹೀಗೇ ಒಬ್ಬೊಬ್ಬರಾಗಿ ಅದು ನಿಜವಾಗುತ್ತದೆ ಎಂದು ಅತ್ತೆ ಹೇಳಿದರು.

ರಕ್ಷಿತಾ

~

ಅಂಕೋಲಾ
7 ಜೂನ್ 2004

ಆಯಿ,

ಸರಕಾರ ಬಿತ್ತು. ಪ್ರಧಾನಿಯೂ ಇಳಿದರು, ಆ ಮಂತ್ರಿಯೂ ಇಳಿದರು. ನಾವು ಬರೆದಿದ್ದಕ್ಕಲ್ಲ, ಇಡೀ ದೇಶ ಹಾಕಿದ ಮತಕ್ಕೆ. ಆದರೆ ಇಳಿದರಲ್ಲ. ನಾನು ಓಡಿಹೋಗಿ ಸೂರಜ್‌ರನ್ನು ಅಂಗಡಿಯಲ್ಲೇ ಅಪ್ಪಿಕೊಂಡುಬಿಟ್ಟೆ. ಮಾಲೀಕ ಮುಖ ತಿರುಗಿಸಿದ. ಆಣೆ ತೀರಿತು, ನಾಳೆಯೇ ಹೋಗಿ ಹಾಜರಾಗು ಎಂದು ಅತ್ತೆಯೂ ಹೇಳಿದರು. ಮಾವ ಮಾತ್ರ, ದೇವರನ್ನು ಕೇಳೋಣ ಎಂದರು. ಇಳಿಸಿ ನ್ಯಾಯ ಕೊಡುವವರೆಗೆ ಎಂದು ಬರೆದಿತ್ತಂತೆ. ಇಳಿದದ್ದು ಆಯಿತು, ನ್ಯಾಯದ ಮಾತು ಉಳಿದಿದೆ.

ನಿನ್ನೆ ಪ್ರಸಾದ ಕೇಳಿದರು. ತುಳಸಿದಾಸ ಎಸಳು ಅಂಟಿಸಿ ಪ್ರಾರ್ಥನೆ ಮಾಡಿದರು. ನಾವು ಕಾಯುತ್ತ ಕೂತೆವು. ಮಳೆ ಶುರುವಾಗಿತ್ತು, ಗಾಳಿ ಇತ್ತು. ಎಸಳುಗಳು ಹಾಗೇ ಇದ್ದವು. ಬಲದ್ದೂ ಬೀಳಲಿಲ್ಲ, ಎಡದ್ದೂ ಬೀಳಲಿಲ್ಲ. ಮತ್ತೆ ಪ್ರಾರ್ಥನೆ ಮಾಡಿದರು. ಮಧ್ಯಾಹ್ನ ದಾಟಿತು. ಸೂರಜ್ ಕಣ್ಣು ಮಿಟುಕಿಸದೆ ಬಲಗಡೆಯ ಎಸಳನ್ನೇ ನೋಡುತ್ತಿದ್ದರು. ನಾನು ನನ್ನ ಇಪ್ಪತ್ಮೂರು ವರ್ಷದಲ್ಲಿ ಹಾಗೆ ಯಾರನ್ನೂ ಬೇಡಿಕೊಂಡಿರಲಿಲ್ಲ.

"ದೇವ್ರು ಮಾತಾಡೂದಿಲ್ಲ ಅಂತದೆ," ಎಂದು ತುಳಸಿದಾಸ ಎದ್ದರು. ಉತ್ತರ ಇಲ್ಲವೆಂದರೆ ಮೊದಲಿನ ಮಾತೇ ನಿಲ್ಲುತ್ತದೆ. ಮಾವ ಕೈ ಮುಗಿದು ನಡೆದರು.

ಆಯಿ, ನೀನು ಹೇಳು. ಒಂದು ಸಾಲು ಬರೆದದ್ದಕ್ಕೆ ಇಷ್ಟೆಲ್ಲ ಆಗಬೇಕಾ?

ರಕ್ಷಿತಾ

~

ಹಣಕೋಣ
20 ಆಗಸ್ಟ್ 2004

ಚಿ. ರಕ್ಷಿತಾ,

ಮೂರು ಪತ್ರ ಹಾಕಿದೆ, ಉತ್ತರ ಇಲ್ಲ. ಕಾಲನಿಯ ಅಂಗಡಿಗೆ ಫೋನ್ ಮಾಡಿದರೆ, ಅವರು ಇಲ್ಲಿಲ್ಲ ಎಂದು ಹೇಳಿ ಇಟ್ಟುಬಿಟ್ಟರು. ನಿನ್ನ ಅತ್ತೆಯನ್ನು ಕರೆಯಿರಿ ಎಂದೆ. ಬರುವುದಿಲ್ಲವಂತೆ.

ಎಲ್ಲಿದ್ದೀರಿ ಎಂದು ಎರಡು ಸಾಲು ಬರೆ. ಪಪ್ಪಾ ಕೇಳುತ್ತಿದ್ದಾರೆ. ಅವರು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ಕೆಲಸಕ್ಕೆ ಹಾಜರಾಗು ಎಂದು ಸೂರಜನಿಗೆ ನಾನು ಬೇರೆಯಾಗಿ ಬರೆದದ್ದನ್ನು ಅವನು ನಿನಗೆ ತೋರಿಸಿದ್ದಾನೋ ಇಲ್ಲವೋ ತಿಳಿಯದು. ತೋರಿಸಿದ್ದರೆ ನನ್ನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ.

ಆಯಿ

~

ಕಾರವಾರ
30 ಆಗಸ್ಟ್ 2004

ಆಯಿ,

ಬೇಲಿಯ ಒಳಗಿದ್ದೇವೆ. ಎರಡು ಕೋಣೆ, ಅಡುಗೆಮನೆ, ಇಪ್ಪತ್ನಾಲ್ಕು ಗಂಟೆ ಸಿಹಿನೀರು. ಪಪ್ಪಾನಿಗೆ ಹೇಳು.

ನೀನು ಬರೆದದ್ದನ್ನು ಅವರು ತೋರಿಸಿದರು. ನಿನ್ನಿಂದ ಆದದ್ದಲ್ಲ. ಜೂನ್ ಕೊನೆಯ ದಿನ ಇವರು ಬೆಳಿಗ್ಗೆ ಎದ್ದು, ಅಂಗಡಿಗೆ ಹೋಗುವ ಅಂಗಿಯನ್ನೇ ಹಾಕಿಕೊಂಡು, ನೀನೂ ಬಾ ಎಂದರು. ಆಫೀಸಿನಲ್ಲಿ ಒಂದು ಇಂಗ್ಲಿಷ್ ಕಾಗದ ಕೊಟ್ಟು ಸಹಿ ಹಾಕಿ ಎಂದರು. ಏನು ಬರೆದಿದೆ ಓದು ಎಂದು ಸೂರಜ್ ನನ್ನ ಕೈಗೆ ಕೊಟ್ಟರು. ನಮ್ಮ ಕುಟುಂಬಕ್ಕೆ ಪೂರ್ತಿ ಪುನರ್ವಸತಿ ಆಗಿದೆ, ಇನ್ನು ಏನೂ ಬಾಕಿ ಉಳಿದಿಲ್ಲ ಎಂದು ಬರೆದಿತ್ತು. ಮಂತ್ರಿ ಸದನದಲ್ಲಿ ಹೇಳಿದ ಮಾತೇ. ನಾವು ಸುಳ್ಳು ಎಂದು ಬರೆದ ಮಾತೇ. ನಾನು ಒಂದು ಶಬ್ದವನ್ನೂ ಬಿಡದೆ ಕನ್ನಡದಲ್ಲಿ ಹೇಳಿದೆ. ಇವರು ಪೆನ್ ಹಿಡಿದುಕೊಂಡು ನನ್ನನ್ನು ನೋಡಿದರು. ಬೇಡ ಎಂದು ನಾನು ಹೇಳುತ್ತೇನೆಂದು ಕಾದಿದ್ದರು. ನಾನು ಹೇಳಲಿಲ್ಲ.

ಸಹಿ ಹಾಕಿದರು.

ಸಾಮಾನು ತರಲು ಮನೆಗೆ ಹೋದಾಗ ಮಾವ ಅಂಗಳದಲ್ಲಿ ಕೂತಿದ್ದರು. ಬಯ್ಯಲಿಲ್ಲ. ಇವರು ಕಾಲು ಮುಟ್ಟಲು ಹೋದಾಗ ಕಾಲು ಹಿಂದಕ್ಕೆ ಎಳೆದುಕೊಂಡರು, ಅಷ್ಟೇ. ಆಣೆ ಮುರಿದವರ ಕೈಯ ನೀರನ್ನು ಕುಡಿಯುವುದಿಲ್ಲವಂತೆ, ಹಾಗಾಗಿ ನಾನು ತುಂಬಿಟ್ಟಿದ್ದ ಬೊಬ್ರುವಾಡದ ನೀರನ್ನು ಅತ್ತೆ ಹೊರಗೆ ಚೆಲ್ಲಿದರು. ಚೆಲ್ಲುವಾಗ ಅಳುತ್ತಿದ್ದರು.

ಸೂರಜ್ ಒಂದು ದಿನ ಸಂಜೆ ಕ್ವಾರ್ಟರ್ಸಿನ ಹಿಂದೆ ನನ್ನನ್ನು ಕರೆದುಕೊಂಡು ಹೋಗಿ, ಇಲ್ಲಿ ನಮ್ಮ ಗಜನಿ ಗದ್ದೆ ಇತ್ತು ಎಂದು ತೋರಿಸಿದರು. ಈಗ ಡಾಂಬರು. ಅವರು ಈಗ ಹೆಚ್ಚು ಮಾತಾಡುವುದಿಲ್ಲ. ವಾರ್ನಿಶ್ ವಾಸನೆಯೂ ಇಲ್ಲ, ಇಲ್ಲಿ ಬೇರೆ ಕೆಲಸ.

ರಕ್ಷಿತಾ

~

ಕಾರವಾರ
16 ಜನವರಿ 2005

ಆಯಿ,

ಹೋದ ತಿಂಗಳು ಲೋಕಸಭೆಯಲ್ಲಿ ಯಾರೋ ಮತ್ತೆ ನಮ್ಮ ಕಾಲನಿಯ ಪ್ರಶ್ನೆ ಕೇಳಿದರಂತೆ. ಹೊಸ ಮಂತ್ರಿ ಹಳೆಯ ಉತ್ತರವನ್ನೇ ಓದಿದರು. ಒಂದು ಸಾಲು ಮಾತ್ರ ಹೊಸದು, ಫಲಾನುಭವಿಗಳು ತಾವೇ ಲಿಖಿತವಾಗಿ ಒಪ್ಪಿದ್ದಾರೆ ಎಂದು.

ಮಾವ ಹೇಳಿಕಳಿಸಿದರು. ನಿನ್ನೆ ಅಂಕೋಲೆಗೆ ಹೋದೆ. ಮನೆಗೆ ಕರೆಯಲಿಲ್ಲ. ಸೊಸೈಟಿಯ ಹಿಂದಿನ ಕೋಣೆಯಲ್ಲಿ ಕಾಲನಿಯವರು ಕೂತಿದ್ದರು. ಹೊಸ ಮನವಿ ಬರೆಯಬೇಕು, ಈ ಮಂತ್ರಿಯನ್ನೂ ಈ ಪ್ರಧಾನಿಯನ್ನೂ ಇಳಿಸಬೇಕು, ಹೊಸ ಎಂಪಿಗಳಿಗೆಲ್ಲ ಕಳಿಸಬೇಕು. ಇಂಗ್ಲಿಷಿನಲ್ಲಿ ಬರೆಯಲು ಅವರಿಗೆ ಬೇರೆ ಯಾರೂ ಇಲ್ಲ. ಮಾವ ಬಹಳ ಇಳಿದುಹೋಗಿದ್ದಾರೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಜೋರಾದ ಮಾತು ಒಂದೂ ಬರೆಯಲಿಲ್ಲ.

ಬರಹದಲ್ಲಿ ಒಪ್ಪಿದವರ ವಿಷಯ ಬಂದಾಗ ನನ್ನ ಪೆನ್ ನಿಂತಿತು. ಕೆಲಸ ಬೇಕಾದವರಿಂದ ಸುಳ್ಳು ಬರೆಸಿಕೊಂಡಿದ್ದಾರೆ ಎಂದಷ್ಟೇ ಬರೆದರೆ ಸಾಲದೇ ಎಂದು ಕೇಳಿದೆ.

"ಸಾಲೂದಿಲ್ಲ. ಹೆಸ್ರು ಹಾಕು. ನನ್ನ ಮಗ ಸೂರಜ್ ಅಂತ ಬರಿ. ಯಾರ್ದೋ ಮಗ ಅಂದ್ರೆ ಅವ್ರು ನಂಬೂದಿಲ್ಲ."

ಬರೆದೆ. ನನ್ನ ಗಂಡ ಸುಳ್ಳಿಗೆ ಸಹಿ ಹಾಕಿದ್ದಾರೆ ಎಂದು ನನ್ನ ಕೈಯಿಂದಲೇ, ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ಎಲ್ಲರೂ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಕೊನೆಗೆ ಕಾಗದ ನನ್ನ ಹತ್ತಿರ ಬಂತು. ನಾನು ಪೆನ್ ತೆಗೆದುಕೊಂಡೆ. ಮಾವ ಕಾಗದದ ಮೇಲೆ ಕೈ ಇಟ್ಟರು.

"ನಿಂದು ಬ್ಯಾಡ ಮಗಾ. ನೀನು ಬೇಲಿ ಒಳಗಿನವ್ಳು. ನಿನ್ನ ಸಹಿ ಬಿದ್ರೆ ಇದೂ ಸುಳ್ಳಾಗ್ತದೆ."

ಮೆಲ್ಲಗೆ ಹೇಳಿದರು, ಬಸ್ಸಿಗೆ ಹೊತ್ತಾಯಿತು ಎಂದು ಹೇಳುವ ಹಾಗೆ. ಯಾರೂ ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದು ಸೂರಜ್‌ಗೆ ಎಲ್ಲ ಹೇಳಿದೆ. ಊಟಕ್ಕೆ ಕೂತಿದ್ದರು. ಹೆಸರು ಹಾಕಿಸಿದ್ದನ್ನೂ ಹೇಳಿದೆ. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವರು ಅನ್ನ ಕಲಸುತ್ತಲೇ, "ಮಗ ಅಂತ ಬರ್ಸಿದ್ನಾ?" ಎಂದು ಕೇಳಿದರು.

ಹೌದು ಎಂದೆ.

ಅವರು ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು, ಕೈ ತೊಳೆಯದೆ ಬಹಳ ಹೊತ್ತು ಕೂತಿದ್ದರು.

ನಾಳೆ ಮನವಿ ಅಂಚೆಗೆ ಹೋಗುತ್ತದೆ. ಯಾರೂ ಓದುವುದಿಲ್ಲ ಆಯಿ. ಅದು ನನಗೂ ಗೊತ್ತು, ಮಾವನಿಗೂ ಗೊತ್ತು.

ನಿನ್ನ ಮಗಳು,
ರಕ್ಷಿತಾ